ನಾಯಿ ಬೆಕ್ಕಿಗೂ ವರ್ಷಕ್ಕೊಂದು ಸೂಜಿ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಹಾಲಿನ ದರ, ಫ್ಯಾಟು, ಬೋನಸ್ಸಿನ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಡಾಕ್ಟರಲ್ಲ. ಆದರೂ ನಾಯಿ, ಬೆಕ್ಕಿನ ಬಗ್ಗೆ ಎರಡು ಮಾತು ಹೇಳಲು ನಿಂತಿದ್ದೇನೆ. "ಎಮ್ಮಿ ಸಂಘದಾಗ ನಾಯಿ ಮಾತ್ಯಾಕ?" ಅಂತ ನಗಬ್ಯಾಡ್ರಿ, ಕಾರಣ ಐತಿ.

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಬಹಳ ಮಂದಿ ತೋಟದ ಮನಿಯಾಗ ಇರುವವರು. ಮನಿ ಕಾಯಲು ನಾಯಿ, ಇಲಿಗೆ ಬೆಕ್ಕು. ಸುತ್ತಲೂ ಕಬ್ಬು, ಕಬ್ಬಿನಾಗ ನರಿ. ರಾತ್ರಿ ನಮ್ಮ ನಾಯಿ ನರಿಯ ಸಂಗಡ ಕಚ್ಚಾಡಿ ಬಂದು, ಬೆಳಗ್ಗೆ ಕೊಟ್ಟಿಗೆಯಲ್ಲಿ ಕರುವಿನ ಪಕ್ಕದಲ್ಲೇ ಮಲಗಿರುತ್ತದೆ. ರೇಬೀಸ್ ಅಂದರೆ ಹುಚ್ಚುನಾಯಿ ರೋಗ ದನದ ತನಕ ಬರುವ ದಾರಿ ಇದು.

ನಮ್ಮ ಸದಸ್ಯರೊಬ್ಬರ ಎಮ್ಮಿ ಮೇವು ಬಿಟ್ಟಿತು, ಜೊಲ್ಲು ಸುರಿಸಿತು, ದನಿ ಒಡೆದಂಗ ಒದರಾಕ ಹತ್ತಿತು. ಗಂಟಲಾಗ ಏನೋ ಸಿಕ್ಕೈತಿ ಅಂತ ಮೂವರು ಒಬ್ಬರಾದ ಮೇಲೆ ಒಬ್ಬರು ಬಾಯಾಗ ಕೈ ಹಾಕಿದರು. ಸಿಕ್ಕಿದ್ದು ಏನೂ ಇರಲಿಲ್ಲ. ರೋಗದಿಂದ ಗಂಟಲ ನರ ಸೋತು, ನುಂಗಲು ಬಾರದೆ ಜೊಲ್ಲು ಹೊರಗೆ ಬರುತ್ತಿತ್ತು. ದನದ ಡಾಕ್ಟರು ನೋಡಿದ ಕೂಡಲೆ ಮೂವರನ್ನೂ ದವಾಖಾನಿಗೆ ಅಟ್ಟಿದರು. ನಾಲ್ಕನೇ ದಿನ ಎಮ್ಮಿ ಸತ್ತಿತು. ಮೂವರೂ ಇವತ್ತು ಈ ಸಭೆಯಲ್ಲಿ ಕುಂತಾರ. ಹುಲ್ಲು ಕೊಯ್ಯುವ ನಮ್ಮ ಕೈಗೆ ಸಣ್ಣ ಗಾಯ ಇದ್ದೇ ಇರುತ್ತದೆ, ಜೊಲ್ಲು ಒಳಗಿಳಿಯಲು ಅಷ್ಟು ಸಾಕು. ಆದ್ದರಿಂದ ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬ್ಯಾಡ್ರಿ, ಡಾಕ್ಟರನ್ನು ಕರೆಯಿರಿ. ಅಂಥ ದನದ ಹಾಲು ಸಂಘದ ಕ್ಯಾನಿಗೂ ಬೇಡ, ಮನಿಯವರಿಗೂ ಬೇಡ. ಗೊತ್ತಾಗುವ ಮೊದಲೇ ಕಾಸಿ ಕುಡಿದಿದ್ದರೆ ಅಂಜುವ ಕಾರಣವಿಲ್ಲ. ಹಸಿ ಹಾಲು ಕುಡಿದಿದ್ದರೆ ಡಾಕ್ಟರಿಗೆ ಹೇಳಿರಿ.

ನಾಯಿ, ಬೆಕ್ಕು ಕಚ್ಚಿದರೆ, ಪರಚಿದರೆ ಖಾರಪುಡಿ, ಸುಣ್ಣ ಹಚ್ಚಬಾರದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ಮಿನಿಟು ತೊಳೆಯಬೇಕು. ಬೋರಿನ ಪೈಪಿನ ನೀರು ನಡೆಯುತ್ತದೆ. ಅದೇ ದಿನ ಸರಕಾರಿ ದವಾಖಾನಿಗೆ ಹೋಗಬೇಕು. ಹೊಟ್ಟಿಗೆ 14 ಸೂಜಿ ಅಂತ ಹಿರಿಯರು ಈಗಲೂ ಅಂಜುತ್ತಾರೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ 2004ರ ಕೊನೆಗೇ ನಮ್ಮ ದೇಶದಲ್ಲಿ ನಿಂತಿದೆ. ಈಗ ಸೂಜಿ ತೋಳಿಗೆ. ಮೊದಲ ದಿನ ಒಮ್ಮೆ, ಆ ದಿನ ಬಿಟ್ಟು ಎಣಿಸಿದರೆ 3ನೇ, 7ನೇ, 28ನೇ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಬೇರೆ ಔಷಧಿಯನ್ನೂ ಹಾಕುತ್ತಾರೆ, ಅದನ್ನು ಕೇಳಿ ಹಾಕಿಸಿಕೊಳ್ಳಿರಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವುದು ಸರಿ, ಆದರೆ ಅದು ಸಾಯುವ ತನಕ ಕಾಯ್ದು ಸೂಜಿ ಮಾಡಿಸುವುದು ಸರಿಯಲ್ಲ. ರೋಗ ಹೊರಗೆ ಕಂಡ ಮೇಲೆ ಉಳಿಸುವ ಔಷಧಿ ಇಲ್ಲ. ದುಡಿಯಲು ನಿಪ್ಪಾಣಿಗೋ ಮೀರಜಕ್ಕೋ ಹೋಗುವವರು ದವಾಖಾನಿಯ ಚೀಟಿ ಸಂಗಡ ಒಯ್ದು ಉಳಿದ ಸೂಜಿ ಅಲ್ಲೇ ಮಾಡಿಸಬೇಕು. ದಾರ ಕಟ್ಟಿಸುವವರಿಗೆ ನಾನು ಬ್ಯಾಡ ಅನ್ನೂದಿಲ್ಲ, ನಾನೂ ಮಾಯಕ್ಕನ ಭಕ್ತ. ಆದರ ಮೊದಲು ಸೋಪು, ಆಮೇಲೆ ದವಾಖಾನಿ, ಆಮೇಲೆ ಚಿಂಚಲಿ.

ಇನ್ನೊಂದು ಮಾತು. ಜ್ವರ ಅಂತ ಬೆಕ್ಕಿಗೆ ನಮ್ಮ ಪ್ಯಾರಾಸಿಟಮಾಲ್ ಗುಳಿಗಿ ಕೊಡಬ್ಯಾಡ್ರಿ, ಒಂದೇ ಗುಳಿಗಿ ಅದರ ಜೀವ ತೆಗೆಯುತ್ತದೆ. ಉಣ್ಣಿಗೆ ಅಂತ ಬೆಳೆಗೆ ಹೊಡೆಯುವ ಎಣ್ಣಿ ನಾಯಿಯ ಮೈಗೆ ಹಚ್ಚುವವರೂ ಇದ್ದಾರೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ.

ಇಷ್ಟೆಲ್ಲ ತಾಪತ್ರಯ ಬರದಂತೆ ಮಾಡುವುದು ಒಂದು ಸೂಜಿ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲನೆಯದು, ಡಾಕ್ಟರು ಹೇಳಿದ ದಿನ ಎರಡನೆಯದು, ಅಲ್ಲಿಂದ ವರ್ಷಕ್ಕೊಂದು. ಎಮ್ಮಿಗೆ ಕಾಲುಬಾಯಿ ಬೇನೆಯ ಸೂಜಿ ಹಾಕಿಸುವ ನಾವು ನಾಯಿಯನ್ನು ಮರೆಯುತ್ತೇವೆ. ಬೆಕ್ಕಂತೂ ಯಾರ ಲೆಕ್ಕಕ್ಕೂ ಇಲ್ಲ.

ಸೆಪ್ಟೆಂಬರ್ 28 ಜಾಗತಿಕ ರೇಬೀಸ್ ದಿನ. ಈ ರೋಗಕ್ಕೆ 1885ರಲ್ಲಿ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡ ದಿನವದು. ಅಂದು ಪಶು ದವಾಖಾನಿಯ ಡಾಕ್ಟರನ್ನು ಸಂಘದ ಅಂಗಳಕ್ಕೆ ಕರೆಸಬೇಕೆಂಬ ಠರಾವನ್ನು ಮಂಡಳಿಯ ಮುಂದೆ ಇಟ್ಟಿದ್ದೇನೆ. ಮುಂಜಾನೆ ಹಾಲು ಹಾಕಲು ಬರುವಾಗಲೇ ನಾಯಿಯನ್ನು ಹಗ್ಗ ಕಟ್ಟಿ ಕರಕೊಂಡು ಬರ್ರಿ. ಬೆಕ್ಕನ್ನು ಮುಚ್ಚಳದ ಬುಟ್ಟಿಯಾಗ ತರ್ರಿ, ಕೈಯಾಗ ಹಿಡಕೊಂಡು ಬಂದರ ಡಾಕ್ಟರಿಗಿಂತ ಮೊದಲು ನಿಮ್ಮನ್ನ ಪರಚತೈತಿ.