ಕಚ್ಚಾ ತೈಲದ ಗುಣಗಳು ಮತ್ತು ಯಂತ್ರಕಲಿಕೆ: ಅಧ್ಯಕ್ಷ ಭಾಷಣ

ಹೆಬ್ರಿಯಲ್ಲಿ ನೆರೆದಿರುವ ಈ ಸಮ್ಮೇಳನಕ್ಕೆ ಪೆಟ್ರೋಲಿಯಂ ದೂರದ ವಿಷಯವೇನಲ್ಲ. ಇದೇ ಜಿಲ್ಲೆಯಲ್ಲಿ, ಕಾಪು ಸಮೀಪದ ಪಾದೂರಿನಲ್ಲಿ, ಬಂಡೆ ಕೊರೆದು ಮಾಡಿದ ನೆಲದಡಿಯ ಗುಹೆಗಳಲ್ಲಿ ದೇಶದ ಆಪತ್ಕಾಲಕ್ಕೆಂದು 25 ಲಕ್ಷ ಟನ್ ಕಚ್ಚಾ ತೈಲ ಕೂಡಿಡುವ ವ್ಯವಸ್ಥೆಯಿದೆ. ಆ ಗುಹೆಗಳಿಗೆ ಉಕ್ಕಿನ ಒಳಗೋಡೆಯಿಲ್ಲ. ಬಂಡೆಯ ಬಿರುಕುಗಳಲ್ಲಿ ತುಂಬಿದ ಅಂತರ್ಜಲದ ಒತ್ತಡವು ಒಳಗಿನ ತೈಲ ಮತ್ತು ಅದರ ಆವಿಯ ಒತ್ತಡಕ್ಕಿಂತ ಹೆಚ್ಚಾಗಿರುವುದರಿಂದಲೇ ತೈಲ ಸೋರದೆ ನಿಲ್ಲುತ್ತದೆ. ತೈಲದ ಗುಣಗಳನ್ನು ಸರಿಯಾಗಿ ಅರಿಯುವುದು ಅಲ್ಲಿ ಸುರಕ್ಷತೆಯ ಪ್ರಶ್ನೆಯೇ ಆಗಿದೆ.

ಭೂಗರ್ಭದ ನೈಸರ್ಗಿಕ ತೈಲ ನಿಕ್ಷೇಪದಲ್ಲಿ ಈ ಅರಿವು ಇನ್ನಷ್ಟು ಕಠಿಣ, ಏಕೆಂದರೆ ಅಲ್ಲಿನ ತೈಲದಲ್ಲಿ ಅಪಾರ ಒತ್ತಡದಿಂದಾಗಿ ಅನಿಲ ಕರಗಿರುತ್ತದೆ. ಒತ್ತಡ ಇಳಿಯುತ್ತಾ ಹೋದಂತೆ ಯಾವ ಹಂತದಲ್ಲಿ ಮೊದಲ ಅನಿಲಗುಳ್ಳೆ ಹೊರಬೀಳುತ್ತದೆಯೋ ಅದನ್ನು ಬಬಲ್ ಪಾಯಿಂಟ್ ಒತ್ತಡ ಎನ್ನುತ್ತಾರೆ. ಇದನ್ನು ಅಳೆಯಲು ಬಾವಿಯ ತಳದಿಂದ ಮೊಹರು ಮಾಡಿದ ಉಕ್ಕಿನ ಸಿಲಿಂಡರಿನಲ್ಲಿ ಮಾದರಿಯನ್ನು ಮೇಲೆ ತಂದು, ಪ್ರಯೋಗಾಲಯದಲ್ಲಿ ನಿಕ್ಷೇಪದ ತಾಪಮಾನದಲ್ಲೇ ಇರಿಸಿ, ಹಂತ ಹಂತವಾಗಿ ಒತ್ತಡ ತಗ್ಗಿಸುತ್ತಾ ಗಾತ್ರವನ್ನು ಗುರುತಿಸಬೇಕು. ಒತ್ತಡ ಮತ್ತು ಗಾತ್ರದ ನಕ್ಷೆಯಲ್ಲಿ ಗೆರೆ ಥಟ್ಟನೆ ಬಾಗುವ ಜಾಗವೇ ಆ ಬಿಂದು.

ಇದು ದುಬಾರಿಯಾದ, ನಿಧಾನದ ಕೆಲಸವಾದ್ದರಿಂದ ತೈಲದ ಸಾಂದ್ರತೆ, ಕರಗಿದ ಅನಿಲದ ಪ್ರಮಾಣ ಮತ್ತು ತಾಪಮಾನಗಳಿಂದ ಲೆಕ್ಕ ಹಾಕುವ ಸೂತ್ರಗಳು ಹುಟ್ಟಿದವು. 1947ರಲ್ಲಿ ಸ್ಟ್ಯಾಂಡಿಂಗ್ ಕ್ಯಾಲಿಫೋರ್ನಿಯಾದ ತೈಲಗಳಿಂದ, 1980ರಲ್ಲಿ ಗ್ಲಾಸೋ ಉತ್ತರ ಸಮುದ್ರದ ತೈಲಗಳಿಂದ, 1988ರಲ್ಲಿ ಅಲ್-ಮರ್ಹೂನ್ ಮಧ್ಯಪ್ರಾಚ್ಯದ ತೈಲಗಳಿಂದ ಸೂತ್ರ ಕಟ್ಟಿದರು. ಒಂದು ಸೀಮೆಯ ಸೂತ್ರ ಇನ್ನೊಂದಕ್ಕೆ ಹೊಂದದ್ದರಿಂದಲೇ ಇಷ್ಟು ಸೂತ್ರಗಳು ಬೇಕಾದವು. 1990ರ ದಶಕದಲ್ಲಿ ನರಜಾಲ ಮಾದರಿಗಳು, ಅಂದರೆ ಸೂತ್ರದ ರೂಪವನ್ನು ಮೊದಲೇ ನಿಗದಿಪಡಿಸದೆ ಅಳತೆಗಳಿಂದಲೇ ಸಂಬಂಧವನ್ನು ಕಲಿಯುವ ಗಣಕ ವಿಧಾನಗಳು, ಈ ಕ್ಷೇತ್ರಕ್ಕೆ ಬಂದವು.

ಯಂತ್ರಕಲಿಕೆಯಿಂದ ಆ ಹಳೆಯ ಮಿತಿ ಅಳಿಯಲಿಲ್ಲ, ಕಣ್ಣಿಗೆ ಕಾಣದಂತಾಯಿತು ಎಂಬುದೇ ಇಲ್ಲಿ ಒತ್ತಿ ಹೇಳಬೇಕಾದ ಮಾತು. 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲವನ್ನು ಕಲಿತ ಮಾದರಿ, 2004ರಲ್ಲಿ ರಾಜಸ್ಥಾನದ ಬಾಡ್ಮೇರಿನಲ್ಲಿ ಸಿಕ್ಕ ಮಂಗಳಾ ನಿಕ್ಷೇಪದ ತೈಲದ ಬಗ್ಗೆಯೂ ಅಳುಕಿಲ್ಲದೆ ಒಂದು ಅಂಕಿ ಕೊಡುತ್ತದೆ. ಮಂಗಳಾದ ತೈಲವಾದರೋ ಮೇಣದಂಶದಿಂದಾಗಿ ಕೊಳವೆಯುದ್ದಕ್ಕೂ ಬಿಸಿ ಮಾಡಿದರಷ್ಟೇ ಹರಿಯುವಂಥದ್ದು. ಒಂದೇ ಬಾವಿಯ ಅಳತೆಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿಬಿಟ್ಟರೆ ಫಲಿತಾಂಶ ಇಲ್ಲದ ಹೊಳಪು ಪಡೆಯುತ್ತದೆ. ಆದ್ದರಿಂದ ಪರೀಕ್ಷೆಗೆ ಇಡೀ ನಿಕ್ಷೇಪವನ್ನೇ ಬದಿಗಿರಿಸುವುದು ನ್ಯಾಯ. ಭೌತಶಾಸ್ತ್ರದ ನಿಯಮವನ್ನೂ ಮಾದರಿ ಮೀರಬಾರದು. ಸ್ನಿಗ್ಧತೆ, ಅಂದರೆ ಹರಿವಿಗೆ ತೈಲ ಒಡ್ಡುವ ತಡೆ, ಬಬಲ್ ಪಾಯಿಂಟಿನಲ್ಲಿ ಅತಿ ಕಡಿಮೆ ಇರುತ್ತದೆ; ಅಲ್ಲಿಂದ ಒತ್ತಡ ಇಳಿದರೆ ಅನಿಲ ಕಳೆದುಕೊಂಡ ತೈಲ ಮಂದವಾಗುತ್ತದೆ. ಇದಕ್ಕೆ ವಿರುದ್ಧವಾದ ಗೆರೆ ಎಳೆಯುವ ಮಾದರಿಯ ಸರಾಸರಿ ದೋಷ ಎಷ್ಟೇ ಚಿಕ್ಕದಿದ್ದರೂ ಅದು ಒಪ್ಪತಕ್ಕದ್ದಲ್ಲ.

ಮಣಿಪಾಲ ಮತ್ತು ಸುರತ್ಕಲ್‌ನ ತಾಂತ್ರಿಕ ಸಂಸ್ಥೆಗಳ ಯುವ ಸಂಶೋಧಕರಿಗೆ ಈ ಕೆಲಸ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಅವರು ಕಟ್ಟುವ ಪ್ರತಿಯೊಂದು ಮಾದರಿಯೊಂದಿಗೆ ಅದು ಯಾವ ನಿಕ್ಷೇಪಗಳ ತೈಲದಿಂದ ಕಲಿತಿದೆ, ಯಾವ ತಾಪಮಾನ ಮತ್ತು ಒತ್ತಡದ ವ್ಯಾಪ್ತಿಯಲ್ಲಿ ಅದನ್ನು ನಂಬಬಹುದು, ಊಹೆ ಎಷ್ಟರಮಟ್ಟಿಗೆ ಆಚೀಚೆ ಆಗಬಹುದು ಎಂಬ ವಿವರವನ್ನೂ ಪ್ರಕಟಿಸಬೇಕೆಂದು ಈ ಅಧ್ಯಕ್ಷಪೀಠ ಕೋರುತ್ತದೆ.