ಶಾಸನ ಕೇಳುವವರು ಯಾರು?

(ಕಾರ್ಮಿಕರ ಸಭೆಯಲ್ಲಿ ಶಾಲಾ ಸಮಿತಿಯ ಸದಸ್ಯರ ಪರವಾಗಿ ಮಾಡಿದ ಭಾಷಣ)



ಬೆಳಗಿನ ತಿಂಡಿಯ ಗದ್ದಲ ಮುಗಿಸಿ ಕೆಲವರು, ರಾತ್ರಿಪಾಳಿಯ ನಿದ್ದೆ ಬಿಟ್ಟು ಕೆಲವರು ಇಲ್ಲಿಗೆ ಬಂದಿದ್ದೀರಿ. ನಿಮ್ಮ ಹೊತ್ತನ್ನು ನಾವು ಹಾಳುಮಾಡುವುದಿಲ್ಲ. ಶಾಲಾ ಸಮಿತಿಯಲ್ಲಿರುವ ನಾವು ಇಂದು ಕೇಳಬಂದಿರುವುದು ಚಂದಾ ಹಣವನ್ನಲ್ಲ. ನಿಮ್ಮ ಸಹಿಯನ್ನು, ನಿಮ್ಮ ಬೆಂಬಲವನ್ನು.

ವಿಷಯ ಇಷ್ಟು. 2006ರಲ್ಲಿ ತಮಿಳುನಾಡಿನಲ್ಲಿ ತಮಿಳು ಕಲಿಕೆಯ ಶಾಸನ ಬಂದಿತು. ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಹತ್ತನೆಯವರೆಗೆ ತಮಿಳು ಕಡ್ಡಾಯವಾಯಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಉಳಿದ ವಿಷಯಗಳು. ನಮ್ಮ ಕನ್ನಡ ನಾಲ್ಕನೆಯ ಭಾಗಕ್ಕೆ ಸರಿದು, ಇಷ್ಟವಿದ್ದವರು ಓದುವ ಪಾಠವಾಯಿತು. ಆ ಮೊದಲ ತಂಡದ ಮಕ್ಕಳು 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಬಂದಾಗ ಭಾಷಾ ಅಲ್ಪಸಂಖ್ಯಾತರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಕೊಟ್ಟದ್ದು ಒಂದು ವರ್ಷದ ವಿನಾಯಿತಿಯನ್ನು. ವಿನಾಯಿತಿ ಬಾಡಿಗೆ ಮನೆಯಿದ್ದಂತೆ. ಶಾಸನ ಸ್ವಂತ ಸೂರು. ಪರೀಕ್ಷೆಯ ಹೊಸ್ತಿಲಲ್ಲಿ ನಿಂತ ಮಗು ಪ್ರತಿ ವರ್ಷ ಕೋರ್ಟಿನ ಬಾಗಿಲು ನೋಡಬೇಕೇ?

ತಮಿಳು ಬೇಡವೆಂದು ನಾವು ಹೇಳುವವರಲ್ಲ. ನಮಗೆ ಅನ್ನ ಕೊಟ್ಟ ಊರಿನ ನುಡಿ ಅದು. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ಕರ್ನಾಟಕವೂ 2015ರಲ್ಲಿ ತನ್ನ ಶಾಲೆಗಳಲ್ಲಿ ಕನ್ನಡ ಕಲಿಸಲು ಶಾಸನ ಮಾಡಿದೆ. ಬೆಂಗಳೂರಿನಲ್ಲಿ ದುಡಿಯುವ ತಮಿಳು ಕಾರ್ಮಿಕನ ಮಗುವಿಗೆ ಯಾವ ನ್ಯಾಯ ಸಲ್ಲಬೇಕೋ ಅದೇ ನ್ಯಾಯ ಇಲ್ಲಿ ನಮ್ಮ ಮಗುವಿಗೂ ಸಲ್ಲಲಿ. ತಮಿಳಿನ ಜೊತೆಗೆ ಕನ್ನಡವೂ ಇರಲಿ, ಕನ್ನಡಕ್ಕೆ ಉಪಾಧ್ಯಾಯರಿರಲಿ, ಕನ್ನಡದ ಅಂಕಕ್ಕೆ ಉಳಿದ ವಿಷಯಗಳಷ್ಟೇ ಬೆಲೆಯಿರಲಿ. ಇದು ವರ್ಷ ವರ್ಷದ ಆಜ್ಞೆಯಾಗಿ ಬಾರದೆ ಶಾಸನದಲ್ಲೇ ಬರೆದಿರಲಿ. ನಮ್ಮ ಬೇಡಿಕೆ ಇಷ್ಟೇ.

ಇದು ಭಿಕ್ಷೆಯಲ್ಲ. ಮಂಗಳೂರು, ಉಡುಪಿಗಳು ಒಂದು ಕಾಲಕ್ಕೆ ಮದರಾಸು ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ಉಳಿದ ನಾವು ಅಲ್ಪಸಂಖ್ಯಾತರಾದೆವು. ಅಂದೇ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ.

‘ಶಾಸನ ಮಾಡಿಸಲು ನಾವು ಯಾರು?’ ಎಂದು ಕೆಲವರು ಕೇಳುತ್ತಾರೆ. ಅವರು ಪೆರಂಬೂರನ್ನು ನೆನೆಯಲಿ. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು 1918ರಲ್ಲಿ ಮದರಾಸು ಲೇಬರ್ ಯೂನಿಯನ್ ಕಟ್ಟಿದರು. ಮಾಲೀಕರು ಹೈಕೋರ್ಟಿನಿಂದ ಯೂನಿಯನ್ನಿನ ಮುಖಂಡರ ಮೇಲೆ ತಡೆಯಾಜ್ಞೆ ತಂದರು. ಕೋರ್ಟಿನಲ್ಲಿ ದಾರಿ ಮುಚ್ಚಿತು. ಕಾರ್ಮಿಕರು ಅಲ್ಲಿಗೇ ಕೈಚೆಲ್ಲಲಿಲ್ಲ. 1921ರಲ್ಲಿ ಎನ್. ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ಶಾಸನ ಬೇಕೆಂದು ಎತ್ತಿ ಹೇಳಿದರು. 1926ರಲ್ಲಿ ಟ್ರೇಡ್ ಯೂನಿಯನ್ ಶಾಸನ ಬಂದಿತು. ಆ ಗಿರಣಿ 1996ರಲ್ಲಿ ಮುಚ್ಚಿತು. ಶಾಸನ ದೇಶದ ಕಾರ್ಮಿಕರನ್ನೆಲ್ಲ ಕಾದಿತ್ತು.

ನಮ್ಮ ಕೈಯಲ್ಲೂ ಒಂದು ಹಿಡಿಯಿದೆ. 2009ರ ಶಿಕ್ಷಣ ಹಕ್ಕಿನ ಶಾಸನದ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಅಲ್ಪಸಂಖ್ಯಾತರ ಅನುದಾನಿತ ಶಾಲೆಯಲ್ಲಿ ಸಮಿತಿ ಸಲಹೆ ಮಾತ್ರ ಕೊಡಬಹುದು, ನಿಜ. ಆದರೆ ಪಾತ್ರೆ ತೊಳೆಯುವವನೂ ಗಲ್ಲಾದಲ್ಲಿ ಕೂರುವವನೂ ಒಂದೇ ಕಾಗದಕ್ಕೆ ಸಹಿ ಹಾಕಿ ಶಾಸಕರ ಮುಂದೆ ನಿಂತರೆ ಆ ಸಲಹೆಗೆ ತೂಕ ಬರುತ್ತದೆ. ಹೊಸೂರಿನ, ತಾಳವಾಡಿಯ ಕನ್ನಡಿಗರೂ ನಮ್ಮೊಡನೆ ನಿಲ್ಲಲಿ. ತೆಲುಗು, ಉರ್ದು, ಮಲಯಾಳ ಮಾತಾಡುವ ಸಂಗಾತಿಗಳಿಗೂ ಇದೇ ನೋವಿದೆ, ಅವರನ್ನೂ ಕರೆಯೋಣ.

ಕಡೆಯದಾಗಿ ಒಂದು ಮಾತು. ಕನ್ನಡದ ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ಯಾವ ಶಾಸನವೂ ಅದನ್ನು ಉಳಿಸಲಾರದು. ಮೊದಲು ನಿಮ್ಮ ಮಗುವಿನ ಹೆಸರನ್ನು ಅಲ್ಲಿ ಬರೆಸಿ, ಆಮೇಲೆ ನಿಮ್ಮ ಹೆಸರನ್ನು ಈ ಮನವಿಯ ಮೇಲೆ ಬರೆಯಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ, ಅದರಲ್ಲಿ ನಾಚಿಕೆಯಿಲ್ಲ. ನಮ್ಮ ಮಕ್ಕಳು ಹೆಬ್ಬೆಟ್ಟು ಒತ್ತದಿರಲೆಂದೇ ಅಲ್ಲವೇ ಈ ಶ್ರಮವೆಲ್ಲ?