ಕಾಳಿನ ದಾರಿ



ನಾನು ಹುಟ್ಟಿ ಬೆಳೆದ ಹಳ್ಳಿಯ ಮನೆಯ ಮುಂದೆ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಕಣಜ ಅದು. ಸುಗ್ಗಿ ಮುಗಿದ ಮೇಲೆ ರಾಗಿಯನ್ನು ಅದರಲ್ಲಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. 1965ರಲ್ಲಿ ಮಳೆ ಕೈಕೊಟ್ಟಾಗ ಅದನ್ನು ತೆರೆದದ್ದು ನನಗೆ ನೆನಪಿದೆ. ನನಗಾಗ ಆರೇಳು ವರ್ಷ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರದಿದ್ದ ಮೇಲೆಯೇ ಆಳನ್ನು ಇಳಿಸಿದರು. ರಾಗಿ ಮೇಲೆ ಬರುವ ಹೊತ್ತಿಗೆ ಅಂಗಳದಲ್ಲಿ ಮೊರ ಹಿಡಿದ ಜನರ ಸಾಲು ನಿಂತಿತ್ತು. ಹೊಲವೂ ಇಲ್ಲದ, ಹಗೇವೂ ಇಲ್ಲದ ಮನೆಗಳವರು ಅವರು. ನಮ್ಮ ಅಜ್ಜಿ ಒಬ್ಬೊಬ್ಬರಿಗೂ ಅಳೆದು ಕೊಟ್ಟರು. ಸಾಲಿನ ಕೊನೆಯವರ ಮೊರಕ್ಕೆ ಎಷ್ಟು ಬಿತ್ತೆಂಬುದನ್ನು ಮಾತ್ರ ನಾನು ಕಾಣಲಿಲ್ಲ.

ಹೊಲದಿಂದ ಕಣಕ್ಕೆ, ಕಣದಿಂದ ಹಗೇವಿಗೆ, ಅಲ್ಲಿಂದ ಬೀಸುವ ಕಲ್ಲಿಗೆ: ಕಾಳಿನ ದಾರಿ ಆಗ ಒಂದು ಊರಿನ ಎಲ್ಲೆಯೊಳಗೇ ಮುಗಿಯುತ್ತಿತ್ತು. ಇಂದು ಅದೇ ದಾರಿ ಖಂಡಗಳನ್ನು ದಾಟಿ, ಕಡಲುಗಳನ್ನು ದಾಟಿ ಹೋಗುತ್ತದೆ. ಯುದ್ಧ ಬಂದಾಗ ಆ ದಾರಿಗೆ ಏನಾಗುತ್ತದೆ, ಅದರ ಕೊನೆಯಲ್ಲಿ ಮೊರ ಹಿಡಿದು ನಿಂತವರಿಗೆ ಏನಾಗುತ್ತದೆ ಎಂಬುದನ್ನು ಈ ಹೊತ್ತು ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ.

ಕಪ್ಪು ಸಮುದ್ರದ ಉತ್ತರ ದಡದಲ್ಲಿರುವ ಉಕ್ರೇನ್ ದೇಶದ ನೆಲ, ಧಾರವಾಡ-ಗದಗಿನ ಎರೆಭೂಮಿಯನ್ನು ನೆನಪಿಗೆ ತರುವಂಥ ಕಪ್ಪು ನೆಲ. ಲೋಕದ ಅತ್ಯಂತ ಫಲವತ್ತಾದ ಮಣ್ಣುಗಳಲ್ಲೊಂದು. ಅಲ್ಲಿ ಬೆಳೆದ ಗೋಧಿ, ಮೆಕ್ಕೆಜೋಳಗಳು ರೈಲಿನಲ್ಲಿ ಒಡೆಸ್ಸಾ ಮೊದಲಾದ ರೇವುಗಳಿಗೆ ಬಂದು, ಹಡಗನ್ನೇರಿ, ಇಸ್ತಾಂಬುಲ್ ನಗರದ ನಡುವೆ ಹರಿಯುವ ಬಾಸ್ಫರಸ್ ಜಲಸಂಧಿಯ ಮೂಲಕ ಹೊರಲೋಕಕ್ಕೆ ಹೋಗುತ್ತವೆ. ಯುದ್ಧಕ್ಕೆ ಮುನ್ನ ರಷ್ಯಾ ಮತ್ತು ಉಕ್ರೇನ್ ಎರಡೂ ಸೇರಿ ಲೋಕದ ಗೋಧಿ ರಫ್ತಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಒದಗಿಸುತ್ತಿದ್ದವು. ಈಜಿಪ್ಟಿನ ರೊಟ್ಟಿ, ಲೆಬನಾನಿನ ರೊಟ್ಟಿ, ಸೊಮಾಲಿಯಾದ ಹಿಟ್ಟು, ಎಲ್ಲವೂ ಆ ನೆಲವನ್ನು ನಂಬಿಕೊಂಡಿದ್ದವು.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿತು. ಕಡಲಿನಲ್ಲಿ ಸಿಡಿಗುಂಡುಗಳು ತುಂಬಿದವು, ರೇವುಗಳು ಮುಚ್ಚಿದವು. ಎರಡು ಕೋಟಿ ಟನ್ನಿಗೂ ಮಿಗಿಲಾದ ಧಾನ್ಯ ಕಣಜಗಳಲ್ಲಿಯೇ ಉಳಿಯಿತು. ಅದನ್ನು ನೆಲಮಾರ್ಗದಲ್ಲಿ ಸಾಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಉಕ್ರೇನಿನ ರೈಲುಹಳಿಗಳ ನಡುವಣ ಅಗಲ 1520 ಮಿಲಿಮೀಟರು; ನೆರೆಯ ಪೋಲೆಂಡಿನದು 1435. ಇಷ್ಟು ಚಿಕ್ಕ ಅಂತರದ ದೆಸೆಯಿಂದ, ಗಡಿಯಲ್ಲಿ ಕಾಳನ್ನೆಲ್ಲ ಒಂದು ಬಂಡಿಯಿಂದ ಇನ್ನೊಂದಕ್ಕೆ ತುಂಬಬೇಕು, ಇಲ್ಲವೆ ಬಂಡಿಯ ಗಾಲಿಗಳನ್ನೇ ಬದಲಿಸಬೇಕು. ಹಡಗು ಹೊರುವುದನ್ನು ರೈಲು ಹೊರಲಾರದು. ಆ ಮಾರ್ಚಿಯಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕವಿಡುವ ಆಹಾರದ ಬೆಲೆಯ ಸೂಚ್ಯಂಕವು 1990ರಲ್ಲಿ ಅದು ಆರಂಭವಾದಂದಿನಿಂದ ಎಂದೂ ಕಾಣದ ಎತ್ತರಕ್ಕೆ ಏರಿತು.

ಲೆಬನಾನಿನ ಪಾಡನ್ನು ನೋಡಿ. ಅದು ತನ್ನ ಗೋಧಿಯ ಬಹುಪಾಲನ್ನು ಉಕ್ರೇನಿನಿಂದ ತರಿಸಿಕೊಳ್ಳುತ್ತಿದ್ದ ಪುಟ್ಟ ದೇಶ. ಬೇರೂತ್ ರೇವಿನಲ್ಲಿದ್ದ ಬೃಹತ್ ಕಣಜವೇ ಅದರ ಹಗೇವು. 2020ರ ಆಗಸ್ಟ್ 4ರಂದು ಆ ರೇವಿನಲ್ಲಿ ಸಂಭವಿಸಿದ ಭೀಕರ ಸ್ಫೋಟದಲ್ಲಿ ಕಣಜ ಹಾಳಾಯಿತು. ಎರಡು ವರ್ಷ ತುಂಬುವ ಮೊದಲೇ ದೂರದ ಯುದ್ಧ ಬಂದಾಗ, ಕೂಡಿಟ್ಟುಕೊಳ್ಳಲು ಸರಿಯಾದ ಜಾಗವೂ ಇಲ್ಲದೆ, ಕೊಳ್ಳಲು ಹಣವೂ ಇಲ್ಲದೆ ಜನ ರೊಟ್ಟಿ ಅಂಗಡಿಗಳ ಮುಂದೆ ಸಾಲುಗಟ್ಟಿದರು.

ದಾರಿ ಮುಚ್ಚಿದಾಗ ಹುಟ್ಟುವ ಭಯವು ದಾರಿಗಿಂತ ದೂರ ಹೋಗುತ್ತದೆ. ತಮ್ಮವರಿಗೆ ಸಾಲದೆ ಹೋದೀತೆಂದು ದೇಶದೇಶಗಳು ಬಾಗಿಲು ಹಾಕಿಕೊಳ್ಳತೊಡಗಿದವು. ಇಂಡೊನೇಷ್ಯಾ 2022ರ ಏಪ್ರಿಲ್ ಕೊನೆಯಲ್ಲಿ ತಾಳೆಎಣ್ಣೆಯ ರಫ್ತನ್ನು ಕೆಲವು ವಾರಗಳ ಕಾಲ ನಿಲ್ಲಿಸಿತು. ಮಾರ್ಚಿಯ ಬಿಸಿಲಿಗೆ ಗೋಧಿಯ ಬೆಳೆ ಕುಗ್ಗಿದ್ದ ನಮ್ಮ ದೇಶ ಮೇ 13ರಂದು ಗೋಧಿಯ ರಫ್ತನ್ನು ನಿಷೇಧಿಸಿತು. ಇದರಲ್ಲಿ ಒಂದೊಂದು ದೇಶಕ್ಕೂ ಅದರದೇ ನ್ಯಾಯವಿದ್ದೀತು. ಆದರೆ ಎಲ್ಲರೂ ತಮ್ಮ ತಮ್ಮ ಹಗೇವಿಗೆ ಚಪ್ಪಡಿ ಎಳೆದುಕೊಂಡರೆ ಹಗೇವಿಲ್ಲದವರು ಎಲ್ಲಿಗೆ ಹೋಗಬೇಕು? ನಮ್ಮ ಅಡುಗೆಮನೆಗೂ ಈ ಬಿಸಿ ತಟ್ಟದೆ ಇರಲಿಲ್ಲ. ನಾವು ಒಗ್ಗರಣೆಗೆ ಬಳಸುವ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಉಕ್ರೇನಿನಿಂದ ಬರುತ್ತಿದ್ದುದೆಂಬುದು, ಅಂಗಡಿಯಲ್ಲಿ ಬೆಲೆ ಕೇಳಿದ ದಿನವೇ ನಮ್ಮಲ್ಲಿ ಅನೇಕರಿಗೆ ತಿಳಿದದ್ದು. ಇನ್ನು ಗೊಬ್ಬರದ ಮಾತು. ಯೂರಿಯಾ ತಯಾರಿಕೆಗೆ ಬೇಕಾದ ನೈಸರ್ಗಿಕ ಅನಿಲವೂ, ಪೊಟ್ಯಾಶೂ ದುಬಾರಿಯಾದಾಗ ಬಡ ರೈತ ಗೊಬ್ಬರವನ್ನು ಕಡಿಮೆ ಮಾಡುತ್ತಾನೆ. ಹಾಗೆ, ಈ ವರ್ಷದ ಯುದ್ಧ ಮುಂದಿನ ವರ್ಷದ ಕಣವನ್ನೂ ಬರಿದುಮಾಡುತ್ತದೆ.

ಇದು ನಮಗೆ ಹೊಸ ಪಾಠವೇನೂ ಅಲ್ಲ. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಬರ್ಮಾದ ಅಕ್ಕಿ ಭಾರತಕ್ಕೆ ಬರುವುದು ನಿಂತಿತು. ವೈರಿ ಬಂಗಾಳದ ಕರಾವಳಿಯಲ್ಲಿ ಇಳಿದರೆ ಅವನಿಗೆ ಏನೂ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಅಲ್ಲಿಯ ಅಕ್ಕಿಯನ್ನು ತೆಗೆಸಿತು, ದೋಣಿಗಳನ್ನು ಕಿತ್ತುಕೊಂಡಿತು. ನದಿಗಳೇ ದಾರಿಗಳಾಗಿರುವ ಆ ನಾಡಿನಲ್ಲಿ ದೋಣಿ ಹೋದರೆ ಕಾಳಿನ ದಾರಿಯೂ ಹೋಯಿತು, ಬೆಸ್ತನ ಬದುಕೂ ಹೋಯಿತು. ಅಕ್ಟೋಬರಿನಲ್ಲಿ ಚಂಡಮಾರುತ ಬಂದು ಬೆಳೆಯನ್ನು ಹೊಡೆಯಿತು. ಕಲ್ಕತ್ತೆಯ ಯುದ್ಧೋದ್ಯಮದ ಕೆಲಸಗಾರರಿಗೆ ಮೊದಲು ಅನ್ನ ಎಂದಾಯಿತು. ಹಳ್ಳಿಯ ಕೂಲಿಗಳ ಕೈಗೆ ಎಟುಕದಷ್ಟು ಎತ್ತರಕ್ಕೆ ಅಕ್ಕಿಯ ಬೆಲೆ ಏರಿತು. 1943ರ ಆ ಕ್ಷಾಮದಲ್ಲಿ ಸತ್ತವರು ಹದಿನೈದು ಲಕ್ಷವೆಂದು ಸರ್ಕಾರದ ವಿಚಾರಣಾ ಆಯೋಗ ಅಂದಾಜು ಮಾಡಿತು. ಸುಮಾರು ಮೂವತ್ತು ಲಕ್ಷವೆಂದು ಅನಂತರದ ವಿದ್ವಾಂಸರು ಹೇಳಿದ್ದಾರೆ. ಆ ವರ್ಷ ಬಂಗಾಳದಲ್ಲಿ ದೊರೆಯುತ್ತಿದ್ದ ಒಟ್ಟು ಅಕ್ಕಿ 1941ಕ್ಕಿಂತ ಕಡಿಮೆಯಿರಲಿಲ್ಲವೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದರು. ಕಾಳು ಇದ್ದಿತು. ಕಾಳಿಗೂ ಬಾಯಿಗೂ ನಡುವಣ ದಾರಿ ಮುರಿದಿತ್ತು.

ರಣರಂಗದಲ್ಲಿ ಮಡಿದವರಿಗೆ ವೀರಗಲ್ಲು ನೆಡುವುದು ನಮ್ಮ ನಾಡಿನ ಸಂಪ್ರದಾಯ. ಯುದ್ಧದ ಹಸಿವಿನಿಂದ ಸತ್ತವರಿಗೆ ಅಂಥ ಕಲ್ಲಿಲ್ಲ. ಅವರು ಯಾರ ವೈರಿಗಳೂ ಆಗಿರಲಿಲ್ಲ. ಯಾರೂ ಅವರತ್ತ ಬಂದೂಕು ಗುರಿಯಿಡಲಿಲ್ಲ. ಆದುದರಿಂದಲೇ ಅವರನ್ನು ಕೊಂದ ಹೊಣೆಯನ್ನೂ ಯಾರೂ ಹೊರುವುದಿಲ್ಲ.

ಹಾಗಾದರೆ ದಾರಿ ಕಾಯುವುದು ಸಾಧ್ಯವೇ ಇಲ್ಲವೆ? ಉಂಟೆಂಬುದಕ್ಕೆ ಒಂದು ನಿದರ್ಶನವಿದೆ. 2022ರ ಜುಲೈ 22ರಂದು, ಯುದ್ಧ ನಡೆಯುತ್ತಿರುವಂತೆಯೇ, ವಿಶ್ವಸಂಸ್ಥೆ ಮತ್ತು ತುರ್ಕಿಯ ಮಧ್ಯಸ್ಥಿಕೆಯಲ್ಲಿ ಎರಡೂ ಪಕ್ಷದವರು ಇಸ್ತಾಂಬುಲ್‌ನಲ್ಲಿ ಧಾನ್ಯದ ಹಡಗುಗಳಿಗೆ ದಾರಿ ಬಿಡಲು ಒಪ್ಪಿದರು. ಒಂದೇ ಕಾಗದಕ್ಕೆ ಜತೆಯಾಗಿ ಸಹಿ ಹಾಕಲು ಅವರು ಸಿದ್ಧರಿರಲಿಲ್ಲ. ಬೇರೆ ಬೇರೆ ಕಾಗದಗಳಿಗೆ ಹಾಕಿದರು. ಒಂದು ವರ್ಷದಲ್ಲಿ ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಟನ್ ಆಹಾರಪದಾರ್ಥ ಆ ದಾರಿಯಲ್ಲಿ ಸಾಗಿತು. 2023ರ ಜುಲೈ 17ರಂದು ರಷ್ಯಾ ಹಿಂದೆ ಸರಿದಾಗ ಒಪ್ಪಂದ ಮುರಿದುಬಿತ್ತು. ಮುಂದೆ ಉಕ್ರೇನ್, ರುಮೇನಿಯ ಮತ್ತು ಬಲ್ಗೇರಿಯದ ದಡಕ್ಕೆ ಹೊಂದಿಕೊಂಡ ಬೇರೆ ಮಾರ್ಗವನ್ನು ತಾನೇ ತೆರೆಯಬೇಕಾಯಿತು.

ಆ ಒಪ್ಪಂದದ ಮೊದಲ ಹಡಗು ‘ರಜೋನಿ’. 2022ರ ಆಗಸ್ಟ್ 1ರಂದು ಇಪ್ಪತ್ತಾರು ಸಾವಿರ ಟನ್ನಿಗೂ ಮಿಕ್ಕ ಮೆಕ್ಕೆಜೋಳ ಹೊತ್ತು ಅದು ಒಡೆಸ್ಸಾ ಬಿಟ್ಟಾಗ ಲೋಕವೇ ಅದರತ್ತ ನೋಡಿತು. ಅದು ಹೊರಟದ್ದು ಲೆಬನಾನಿಗೆ. ಆದರೆ ಸರಕು ಐದು ತಿಂಗಳು ತಡವಾಯಿತೆಂದು ಕೊಳ್ಳಬೇಕಾದವನು ಒಲ್ಲೆನೆಂದ. ಕಾಳು ಬೇರೆಡೆಗೆ ಹೋಯಿತು. ಹಸಿವಿಗೆ ಕಾಲದ ಎಣಿಕೆ ಉಂಟು. ತಡವಾಗಿ ತೆರೆದ ದಾರಿ ಕಳೆದ ತಿಂಗಳುಗಳನ್ನು ಹಿಂದಕ್ಕೆ ತಂದುಕೊಡಲಾರದು.

ಹಸಿವನ್ನು ಯುದ್ಧದ ಆಯುಧವಾಗಿ ಬಳಸಬಾರದೆಂದು 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆ ವಿಧಿಸಿದೆ. ಅದನ್ನೇ ಭದ್ರತಾ ಮಂಡಳಿ 2018ರಲ್ಲಿ ಮತ್ತೊಮ್ಮೆ ಹೇಳಿದೆ. ವಿಧಿ ಬರೆದಾಗಿದೆ, ಅದನ್ನು ಕಾಯುವವರು ಬೇಕು. ಕದನವಿರಾಮದ ಮಾತು ಬಂದಾಗಲೆಲ್ಲ ಗಡಿಯ ಗೆರೆ ಎಲ್ಲಿ ಎಂದು ನಾವು ಕೇಳುತ್ತೇವೆ. ಕಾಳಿನ ದಾರಿ ಎಲ್ಲಿ ಎಂದೂ ಕೇಳುವ ಅಭ್ಯಾಸ ನಮಗಾಗಬೇಕು.

ನನ್ನ ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಹಗೇವು ಮುಚ್ಚಿಹೋಗಿ ಅಲ್ಲೀಗ ಹುಲ್ಲು ಬೆಳೆದಿದೆ. ಆ ಸಾಲಿನ ಕೊನೆಯಲ್ಲಿ ನಿಂತಿದ್ದವರ ಮುಖ ಮಾತ್ರ, ಸುದ್ದಿಯಲ್ಲಿ ಯುದ್ಧದ ಮಾತು ಬಂದಾಗಲೆಲ್ಲ, ನನ್ನ ಕಣ್ಣ ಮುಂದೆ ಬರುತ್ತದೆ.